ಒಳಮನೆಯ ಮಾತು: ಸೊಸೆಯ ಪರೀಕ್ಷೆ, ಮನೆಯವರ ಪಾಲು

ತಿಪಟೂರಿನ ಓದುಗರೊಬ್ಬರ ಪತ್ರ ಈ ಸಲ ನನ್ನ ಮುಂದಿದೆ. ಹೆಸರು ಹಾಕುವುದು ಬೇಡವೆಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ಅಕ್ಕನವರಿಗೆ ನಮಸ್ಕಾರ. ನನ್ನ ಸೊಸೆ ಮೊದಲು ಬೆಂಗಳೂರಿನ ಒಂದು ಕಂಪನಿಯಲ್ಲಿ ನೆಟ್‌ವರ್ಕ್ ವಿಭಾಗದಲ್ಲಿದ್ದಳು. ಮಗು ಆದ ಮೇಲೆ ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು. ಈಗ ಮತ್ತೆ ಕೆಲಸಕ್ಕೆ ಸೇರ್ತೀನಿ, ಅದಕ್ಕೆ ಸಿಸ್ಕೊದವರ ‘ಎನಾರ್ಸಿ’ ಅನ್ನೋ ದೊಡ್ಡ ಪರೀಕ್ಷೆ ಬರೀತೀನಿ ಅಂತಾಳೆ. ಪುಸ್ತಕ ಹಿಡಿದು ಓದಿದ್ರೆ ನನಗೂ ಓದೋದು ಅಂತ ತಿಳಿದೀತು. ಇವಳು ರಾತ್ರಿ ಹನ್ನೊಂದರ ತನಕ ಲ್ಯಾಪ್‌ಟಾಪ್ ಮುಂದೆ ಕೂತು ಕಪ್ಪು ಪರದೆ ಮೇಲೆ ಏನೋ ಟೈಪು ಮಾಡ್ತಾಳೆ, ಅಳಿಸ್ತಾಳೆ, ಮತ್ತೆ ಮಾಡ್ತಾಳೆ. ಎಷ್ಟು ಪಾಠ ಆಯ್ತಮ್ಮ ಅಂದ್ರೆ, ‘ಇವತ್ತು ನಾನೇ ಕೆಡಿಸಿ ನಾನೇ ಸರಿಮಾಡಿದೆ ಅತ್ತೆ’ ಅಂತಾಳೆ. ಪಕ್ಕದ ಮನೆಯವರು ನಗ್ತಾರೆ. ನನಗೂ ಮಂಡಿ ನೋವು. ಐದು ತಿಂಗಳು ಅಡಿಗೆ, ಮಗು ಎರಡೂ ನಾನೇ ನೋಡ್ಕೋಬೇಕಂತೆ. ಪಾಸಾಗಿ ಕೆಲಸಕ್ಕೆ ಹೋದ ಮೇಲೆ? ಆಗಲೂ ನಾನೇ. ಬೇಡ ಅನ್ನೋಕೆ ಮನಸ್ಸಿಲ್ಲ, ಹೂಂ ಅನ್ನೋಕೆ ಧೈರ್ಯ ಇಲ್ಲ. ಇದು ಎಂಥ ಪರೀಕ್ಷೆ, ಇದಕ್ಕೆ ಇಷ್ಟು ಹೊತ್ತು ಯಾಕೆ ಬೇಕು ತಿಳಿಸಿ.”

ತಾಯೀ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಪರೀಕ್ಷೆ ಎಂಥದು ಎನ್ನುವುದು ಒಂದು. ಮನೆಯ ಭಾರ ಯಾರ ತಲೆಗೆ ಎನ್ನುವುದು ಇನ್ನೊಂದು. ಮೊದಲನೆಯದು ತಿಳಿದರೆ ಎರಡನೆಯದಕ್ಕೂ ದಾರಿ ಸಿಗುತ್ತದೆ. ಆದ್ದರಿಂದ ಅದರಿಂದಲೇ ಆರಂಭಿಸೋಣ.

ಪರೀಕ್ಷೆ ಯಾವುದು?

ಸಿಸ್ಕೊ ಎನ್ನುವುದು ಅಮೆರಿಕದ ಕಂಪನಿ. 1984ರಲ್ಲಿ ಅದನ್ನು ಆರಂಭಿಸಿದವರು ಲೆನ್ ಬೋಸ್ಯಾಕ್ ಮತ್ತು ಸ್ಯಾಂಡಿ ಲರ್ನರ್ ಎಂಬ ಗಂಡ ಹೆಂಡಿರು. ಸ್ಯಾನ್‌ಫ್ರಾನ್ಸಿಸ್ಕೊ ಊರಿನ ಹೆಸರಿನ ಬಾಲವನ್ನೇ ಕಂಪನಿಗೆ ಇಟ್ಟರು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ರೂಟರ್ ಎಂಬ ಯಂತ್ರಕ್ಕೆ ಈ ಕಂಪನಿ ಹೆಸರುವಾಸಿ. ಅದನ್ನು ನಡೆಸಬಲ್ಲವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುತ್ತದೆ.

ಕೆಳಗಿನ ಮೆಟ್ಟಿಲುಗಳಲ್ಲಿ ಒಂದು ಸಿಸಿಎನ್‌ಎ. ಅದರ ಮೇಲಿನದು ಸಿಸಿಎನ್‌ಪಿ. ಈ ಎರಡನೆಯದನ್ನು ಏರಲು 2020ರ ಫೆಬ್ರವರಿಯಿಂದ ಎರಡು ಪರೀಕ್ಷೆ ಪಾಸಾಗಬೇಕು. ಎನ್‌ಕೋರ್ ಎಂಬುದು ಎಲ್ಲರಿಗೂ ಕಡ್ಡಾಯ, 120 ನಿಮಿಷ. ಎರಡನೆಯದನ್ನು ನಾವೇ ಆರಿಸಿಕೊಳ್ಳಬಹುದು. ಎನಾರ್ಸಿ ಅಂಥ ಒಂದು ಪರೀಕ್ಷೆ, 90 ನಿಮಿಷ. ಯಾವುದನ್ನು ಮೊದಲು ಬರೆದರೂ ನಡೆಯುತ್ತದೆ. ಒಂದೇ ಪಾಸಾದರೂ ಅದಕ್ಕೆ ಬೇರೆ ಸರ್ಟಿಫಿಕೇಟು ಉಂಟು, ಶ್ರಮ ದಂಡವಲ್ಲ. ಪಾಸಾದ ಮೇಲೆ ಮೂರು ವರ್ಷ ಅದು ಚಾಲ್ತಿಯಲ್ಲಿರುತ್ತದೆ, ಬಳಿಕ ನವೀಕರಿಸಬೇಕು.

ಪಿನ್‌ಕೋಡಿನ ಲೆಕ್ಕ

ರೂಟರಿನ ಕೆಲಸವನ್ನು ನಮ್ಮ ಅಂಚೆಯ ಕೆಲಸಕ್ಕೆ ಹೋಲಿಸಿ ನೋಡಿ. ನೀವು ಬರೆದ ಕಾಗದವನ್ನು ವಿಂಗಡಿಸುವವರು ನಿಮ್ಮನ್ನು ಬಲ್ಲವರಲ್ಲ, ನೀವು ಕಾಗದ ಬರೆದವರನ್ನೂ ಬಲ್ಲವರಲ್ಲ. ಪಿನ್‌ಕೋಡ್ ನೋಡಿ ತಕ್ಕ ಚೀಲಕ್ಕೆ ಎಸೆಯುತ್ತಾರೆ, ಅಷ್ಟೆ. ಮುಂದಿನ ಊರಿನಲ್ಲಿ ಇನ್ನೊಬ್ಬರು ಅದೇ ಕೆಲಸ ಮಾಡುತ್ತಾರೆ. ಕಾಗದ ಕೈಯಿಂದ ಕೈಗೆ ಹೋಗಿ ಮನೆ ತಲಪುತ್ತದೆ. ರೂಟರು ಮಾಡುವುದೂ ಇದನ್ನೇ. ಆದರೆ ಕ್ಷಣಕ್ಕೆ ಸಾವಿರಾರು ಕಾಗದ.

ನಿಮ್ಮ ತಿಪಟೂರಿನ ಪಿನ್ 572201. ವಿಂಗಡಿಸುವವರ ಮುಂದೆ ಮೂರು ಚೀಲಗಳಿವೆ ಎಂದುಕೊಳ್ಳಿ. ಒಂದರ ಮೇಲೆ ಬರೀ 5, ಇನ್ನೊಂದರ ಮೇಲೆ 572, ಮೂರನೆಯದರ ಮೇಲೆ 572201. ನಿಮ್ಮ ಕಾಗದ ಮೂರಕ್ಕೂ ಹೊಂದುತ್ತದೆ. ಆದರೆ ಹೋಗಬೇಕಾದ್ದು ಮೂರನೆಯದಕ್ಕೆ, ಏಕೆಂದರೆ ಹೆಚ್ಚು ಅಂಕೆ ಹೊಂದುವ ಚೀಲ ಅದು. ರೂಟರು ತಪ್ಪದೆ ಪಾಲಿಸುವ ಮೊದಲ ನಿಯಮ ಇದೇ.

ಈ ನಿಯಮ ಎಂಥ ಪೇಚಿಗೆ ಸಿಲುಕಿಸಬಲ್ಲದು ಗೊತ್ತೇ? 2008ರ ಫೆಬ್ರವರಿ 24ರಂದು ಪಾಕಿಸ್ತಾನದ ಟೆಲಿಕಾಂ ಸಂಸ್ಥೆ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟಿತು. ಯೂಟ್ಯೂಬಿನ ವಿಳಾಸಕ್ಕಿಂತ ಹೆಚ್ಚು ಅಂಕೆ ಹೊಂದುವ ಒಂದು ಚೀಟಿಯನ್ನು ತನ್ನ ಚೀಲಕ್ಕೆ ಅಂಟಿಸಿತು. ಆ ಚೀಟಿಯ ಸುದ್ದಿ ದೇಶದ ಗಡಿ ದಾಟಿ ಹೊರಗೂ ಹೋಯಿತು. ಪ್ರಪಂಚದ ಎಷ್ಟೋ ರೂಟರುಗಳು ನಿಯಮ ಪಾಲಿಸಿ ಯೂಟ್ಯೂಬಿಗೆ ಹೋಗಬೇಕಾದ್ದನ್ನು ಅಲ್ಲಿಗೇ ಕಳಿಸಿದವು. ಸುಮಾರು ಎರಡು ಗಂಟೆ ಕಾಲ ಯೂಟ್ಯೂಬ್ ಸಿಗಲಿಲ್ಲ. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಎಲ್ಲ ಯಂತ್ರಗಳೂ ಹೇಳಿದ್ದನ್ನೇ ಮಾಡಿದ್ದವು!

ನೆರೆಮನೆಯವರ ಕುಶಲ

ಯಾವ ಊರಿಗೆ ಯಾವ ಚೀಲ ಎಂಬುದನ್ನು ರೂಟರುಗಳು ಪರಸ್ಪರ ಮಾತನಾಡಿ ತಿಳಿದುಕೊಳ್ಳುತ್ತವೆ. ಆ ಮಾತಿಗೆ ಬೇರೆ ಬೇರೆ ಭಾಷೆಗಳಿವೆ. ನಿಮ್ಮ ಸೊಸೆ ಅಭ್ಯಾಸ ಮಾಡುತ್ತಿರುವುದು ಮುಖ್ಯವಾಗಿ ಮೂರನ್ನು: ಓಎಸ್‌ಪಿಎಫ್, ಇಐಜಿಆರ್‌ಪಿ, ಬಿಜಿಪಿ.

ಓಎಸ್‌ಪಿಎಫ್‌ನಲ್ಲಿ ಪಕ್ಕದ ರೂಟರನ್ನು ಕರೆಯುವುದೇ ನೆರೆಯವ ಎಂದು. ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಒಂದು ಇನ್ನೊಂದಕ್ಕೆ ‘ಹಲೋ’ ಹೇಳುತ್ತದೆ. 40 ಸೆಕೆಂಡು ಹಲೋ ಕೇಳದಿದ್ದರೆ ನೆರೆಮನೆ ಖಾಲಿ ಎಂದು ತಿಳಿದು ಬೇರೆ ದಾರಿ ಹುಡುಕುತ್ತದೆ. ನಾವೂ ಹಾಗೇ ಅಲ್ಲವೇ? ಪಕ್ಕದ ಮನೆಯವರು ಬೆಳಿಗ್ಗೆ ರಂಗೋಲಿ ಹಾಕದಿದ್ದರೆ ಊರಲ್ಲಿಲ್ಲ ಎಂದುಕೊಳ್ಳುತ್ತೇವೆ.

ನೆರೆಯವರಾದ ಮೇಲೆ ಎಲ್ಲ ರೂಟರುಗಳೂ ತಮಗೆ ಗೊತ್ತಿದ್ದ ದಾರಿಗಳನ್ನು ಹಂಚಿಕೊಂಡು ಒಂದೇ ನಕ್ಷೆ ಬರೆದುಕೊಳ್ಳುತ್ತವೆ. ಆ ನಕ್ಷೆಯಲ್ಲಿ ಹತ್ತಿರದ ದಾರಿ ಯಾವುದು ಎಂಬ ಲೆಕ್ಕವನ್ನು ಕಂಡುಹಿಡಿದವರು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಮದುವೆಯಾಗಲಿದ್ದ ಹುಡುಗಿಯೊಂದಿಗೆ ಅಂಗಡಿ ಬೀದಿ ಸುತ್ತಿ ದಣಿದು ಕಾಫಿಗೆ ಕುಳಿತಾಗ ಇಪ್ಪತ್ತು ನಿಮಿಷದಲ್ಲಿ, ಪೆನ್ನು ಕಾಗದವಿಲ್ಲದೆ ಇದು ಹೊಳೆಯಿತೆಂದು ಅವರೇ ಮುಂದೆ ಹೇಳಿದ್ದಾರೆ. 1959ರಲ್ಲಿ ಪ್ರಕಟಿಸಿದರು. ಇಂದಿಗೂ ಓಎಸ್‌ಪಿಎಫ್ ನಡೆಯುವುದು ಅದೇ ಲೆಕ್ಕದ ಮೇಲೆ.

ಇದು ಗಂಡಸರದ್ದೇ ವಿದ್ಯೆ ಎಂದು ಯಾರಾದರೂ ಅಂದರೆ ರೇಡಿಯಾ ಪರ್ಲ್‌ಮನ್ ಅವರ ಹೆಸರು ಹೇಳಿ. ಜಾಲದಲ್ಲಿ ಸಂದೇಶ ಸುತ್ತಿದ ದಾರಿಯನ್ನೇ ಸುತ್ತುತ್ತ ಎಲ್ಲವನ್ನೂ ನಿಲ್ಲಿಸಿಬಿಡದಂತೆ ತಡೆಯುವ ಒಂದು ವಿಧಾನವನ್ನು 1985ರಲ್ಲಿ ರೂಪಿಸಿದವರು ಈ ಹೆಣ್ಣುಮಗಳು.

ಸುತ್ತುವ ಸುದ್ದಿಯ ಕಾಟ ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಯಿಂದ ಹೊರಟ ಮಾತು ಮೂರು ಮನೆ ಸುತ್ತಿ ನಮಗೇ ಹೊಸ ಸುದ್ದಿಯಾಗಿ ಬರುವುದುಂಟು. ಎರಡು ಭಾಷೆಯ ರೂಟರುಗಳನ್ನು ಒಂದೇ ಜಾಲದಲ್ಲಿ ಸೇರಿಸಿದಾಗಲೂ ಹೀಗಾಗುತ್ತದೆ. ಒಂದು ಭಾಷೆಯಲ್ಲಿ ಕೇಳಿದ ದಾರಿ ಇನ್ನೊಂದಕ್ಕೆ ತರ್ಜುಮೆಯಾಗಿ, ಮೊದಲಿನದಕ್ಕೇ ಹಿಂತಿರುಗಿ, ಅದೇ ಹೆಚ್ಚು ನಂಬಿಕೆಯದೆಂದು ತೋರುತ್ತದೆ. ಸಂದೇಶಗಳು ಊರು ಸೇರದೆ ನಡುವೆ ಗಾಣದೆತ್ತಿನಂತೆ ಸುತ್ತುತ್ತವೆ. ಇದಕ್ಕೆ ಮದ್ದು, ಹೊರಟ ಸುದ್ದಿಗೊಂದು ಗುರುತಿನ ಚೀಟಿ ಕಟ್ಟಿ, ಆ ಗುರುತಿನದು ಮರಳಿ ಬಂದರೆ ಒಳಗೆ ಸೇರಿಸದಿರುವುದು. ಎನಾರ್ಸಿಯಲ್ಲಿ ಹಲವರು ಎಡವುವ ಜಾಗ ಇದು.

ಬಿಜಿಪಿ ಎನ್ನುವುದು ದೊಡ್ಡ ಕಂಪನಿಗಳ, ದೇಶಗಳ ನಡುವಣ ಭಾಷೆ. 1989ರಲ್ಲಿ ಇಬ್ಬರು ಎಂಜಿನಿಯರುಗಳು ಊಟದ ಮೇಜಿನಲ್ಲಿ ಕೈ ಒರೆಸುವ ಕಾಗದದ ಮೇಲೆ ಅದರ ರೂಪರೇಷೆ ಬರೆದರೆಂಬುದು ಪ್ರಸಿದ್ಧ ಸಂಗತಿ. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ನಿಮ್ಮ ವಾಟ್ಸಾಪ್ ನಿಂತದ್ದು ನೆನಪಿದೆಯೇ? ಫೇಸ್‌ಬುಕ್ ಕಂಪನಿಯವರು ವಾಡಿಕೆಯ ದುರಸ್ತಿಗೆಂದು ಕೊಟ್ಟ ಒಂದು ಆದೇಶ ಅವರ ಒಳಜಾಲವನ್ನೆಲ್ಲ ಕಡಿದುಹಾಕಿತು. ಅದನ್ನು ಕಂಡ ಅವರ ಯಂತ್ರಗಳು ‘ನಮ್ಮ ಮನೆಗೆ ದಾರಿ ಇದು’ ಎಂದು ಬಿಜಿಪಿಯಲ್ಲಿ ಸಾರುವುದನ್ನೇ ನಿಲ್ಲಿಸಿದವು. ಹೊರಗಿನವರಿಗೆ ಆ ಮನೆ ಎಲ್ಲಿದೆಯೆಂದೇ ಗೊತ್ತಾಗಲಿಲ್ಲ. ಸುಮಾರು ಆರು ಗಂಟೆ ಹೀಗೇ ಆಯಿತು. ಇಂಥ ಹೊತ್ತಿನಲ್ಲಿ ಎಲ್ಲಿ ತಪ್ಪಿತೆಂದು ಬೇಗ ಕಂಡುಹಿಡಿಯುವವರಿಗೆ ಬೆಲೆ. ಈ ಪರೀಕ್ಷೆ ಹುಡುಕುವುದು ಅಂಥವರನ್ನೇ.

ಕೆಡಿಸಿ ಸರಿಮಾಡುವುದೇ ಓದು

ಈಗ ನಿಮ್ಮ ಸೊಸೆಯ ಮಾತು ಅರ್ಥವಾಗುತ್ತದೆ. ಎನಾರ್ಸಿಯ ಪಠ್ಯಕ್ರಮದಲ್ಲಿ ದಾರಿಯ ಭಾಷೆಗಳಿಗೆ ಶೇ. 35, ಗುಟ್ಟಿನ ದಾರಿಗಳಾದ ವಿಪಿಎನ್‌ಗೆ 20, ಕಾವಲಿಗೆ 20, ಇತರ ಸೇವೆಗಳಿಗೆ 25 ಪಾಲು. ಅದರ ಸಾಲುಗಳಲ್ಲಿ ಹೆಚ್ಚಿನವು ಶುರುವಾಗುವುದೇ ‘ದೋಷ ಹುಡುಕಿ ಸರಿಪಡಿಸು’ ಎಂಬ ಅರ್ಥದ ಮಾತಿನಿಂದ. ಉರು ಹೊಡೆದರೆ ಸಾಲದು.

ಒಂದು ಉದಾಹರಣೆ ಕೊಡುತ್ತೇನೆ. ಎರಡು ರೂಟರುಗಳು ಹಲೋ ಹೇಳಿಕೊಳ್ಳುತ್ತಿವೆ, ನೆರೆಯವರಾಗಿವೆ, ಆದರೆ ನಕ್ಷೆ ಹಂಚಿಕೊಳ್ಳದೆ ಅಲ್ಲೇ ನಿಂತಿವೆ. ಕಾರಣ? ಬಹಳ ಸಲ ಒಂದು ಬದಿಯಲ್ಲಿ ಪೊಟ್ಟಣದ ಗರಿಷ್ಠ ಅಳತೆ 1500 ಎಂದೂ ಇನ್ನೊಂದು ಬದಿಯಲ್ಲಿ 1400 ಎಂದೂ ಬರೆದಿರುತ್ತದೆ. ಬಾಗಿಲಲ್ಲಿ ಕುಶಲ ಕೇಳಲು ಅಳತೆ ಬೇಕಿಲ್ಲ, ಸಾಮಾನು ಕೊಡು-ಕೊಳ್ಳುವಾಗ ಬೇಕು. ಹಲೋನೇ ಕೇಳದಿದ್ದರೆ ಕಾರಣ ಬೇರೆ: ಗಂಟೆಯ ಲೆಕ್ಕ ಹೊಂದಿಲ್ಲ, ಇಲ್ಲವೇ ಗುಟ್ಟಿನ ಪದ ಹೊಂದಿಲ್ಲ. ಎಲ್ಲಿ ನಿಂತಿದೆ ಎಂಬುದರಿಂದ ಏನು ಕೆಟ್ಟಿದೆ ಎಂದು ಹೇಳಬೇಕು. ಬೇಳೆ ಬೇಯದಿದ್ದರೆ ನೀರು ಗಡುಸೋ, ಬೇಳೆ ಹಳೆಯದೋ ಎಂದು ನೀವು ನೋಡಿಯೇ ಹೇಳುವಿರಿ. ಅದು ಪಾಕಪುಸ್ತಕದಿಂದ ಬಂದದ್ದೇ? ಒಲೆಯ ಮುಂದೆ ನಿಂತು ಬಂದದ್ದು.

ಆ ಕಪ್ಪು ಪರದೆ ಅವಳ ಒಲೆ. ಜಿಎನ್‌ಎಸ್-3, ಈವ್-ಎನ್‌ಜಿ ಎಂಬ ತಂತ್ರಾಂಶಗಳಿಂದ ಒಂದು ಲ್ಯಾಪ್‌ಟಾಪಿನೊಳಗೇ ಆರೇಳು ರೂಟರುಗಳನ್ನು ಹೂಡಬಹುದು. ಸಿಸ್ಕೊದವರದೇ ಸಿಎಂಎಲ್ ಎಂಬುದೂ ಇದೆ. ಹಳೇ ರೂಟರು ಕೊಂಡು ತಂದು ಮನೆಯಲ್ಲಿ ಗುಂಯ್‌ಗುಡಿಸಬೇಕಾಗಿಲ್ಲ. ಲ್ಯಾಪ್‌ಟಾಪಿಗೆ 16 ಜಿಬಿ ಮೆಮೊರಿ ಇದ್ದರೆ ಕೆಲಸ ಸಲೀಸು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಇಷ್ಟು ಹೊತ್ತು ಯಾಕೆ? ಆರು ರೂಟರು ಹೂಡಿ ಅವು ಏಳುವ ಹೊತ್ತಿಗೇ ಹತ್ತು ಹದಿನೈದು ನಿಮಿಷ. ಆಮೇಲೆ ಯಾವುದಕ್ಕೆ ಯಾವ ವಿಳಾಸ, ಯಾರು ಯಾರಿಗೆ ನೆರೆ ಎಂಬುದನ್ನೆಲ್ಲ ತಲೆಯಲ್ಲಿ ಹಿಡಿದಿರಬೇಕು. ನಡುವೆ “ಹಾಲು ಉಕ್ಕೀತು, ಸ್ವಲ್ಪ ನೋಡಮ್ಮ” ಎಂದರೆ ಎದ್ದು ಬರುವುದಕ್ಕೆ ಒಂದು ನಿಮಿಷ, ಹಿಡಿದ ಎಳೆ ಮತ್ತೆ ಸಿಗುವುದಕ್ಕೆ ಇಪ್ಪತ್ತು ನಿಮಿಷ. ಒಂದೆಳೆ ಪಾಕ ಬರುವ ಹೊತ್ತಿಗೆ ಬಾಗಿಲಿಗೆ ಯಾರೋ ಬಂದರೆ ಏನಾಗುತ್ತದೆಂದು ನಿಮಗೆ ಗೊತ್ತು. ಆದ್ದರಿಂದ ತುಂಡು ತುಂಡಾದ ನಾಲ್ಕು ಗಂಟೆ ಅವಳಿಗೆ ಬೇಡ. ತುಂಡಾಗದ ಎರಡು ಗಂಟೆ ಬೇಕು. ಅದು ಸಿಗದ್ದರಿಂದಲೇ ಅವಳು ರಾತ್ರಿ ಹನ್ನೊಂದರವರೆಗೆ ಕೂರುವುದು.

ಐದು ತಿಂಗಳ ಅಂದಾಜು

ಮೊದಲು ಕೆಲಸ ಮಾಡಿದವಳಿಗೆ ದಿನಕ್ಕೆ ಎರಡು ಗಂಟೆ, ಭಾನುವಾರ ಅರ್ಧ ದಿನ ಸಿಕ್ಕರೆ ಐದು ತಿಂಗಳು ಹಿಡಿಸಬಹುದು. ಹೀಗೆ ಹಂಚಿಕೊಳ್ಳಲಿ:

ಮೊದಲ ತಿಂಗಳು: ಮರೆತದ್ದರ ಪುನರಭ್ಯಾಸ. ವಿಳಾಸಗಳ ಲೆಕ್ಕ ದಿನಕ್ಕೆ ಹತ್ತರಂತೆ, ಕಾಗದದ ಮೇಲೆ.

ಎರಡನೆಯ ತಿಂಗಳು: ಓಎಸ್‌ಪಿಎಫ್ ಮತ್ತು ಇಐಜಿಆರ್‌ಪಿ.

ಮೂರನೆಯ ತಿಂಗಳು: ಬಿಜಿಪಿ, ಮತ್ತು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾರಿ ಹೇಳುವ ಕೆಲಸ. ಇದಕ್ಕೆ ಅವಸರ ಬೇಡ.

ನಾಲ್ಕನೆಯ ತಿಂಗಳು: ವಿಪಿಎನ್, ಕಾವಲು, ಇತರ ಸೇವೆಗಳು. ಮೂರೂ ಸೇರಿ ಶೇ. 65 ಪಾಲು, ಕಡೆಗಣಿಸಿ ಕೆಟ್ಟವರು ಹಲವರು.

ಐದನೆಯ ತಿಂಗಳು: ಗಡಿಯಾರ ಇಟ್ಟುಕೊಂಡು ದೋಷ ಹುಡುಕುವುದು ಮಾತ್ರ.

ಜೊತೆಗೆ ಒಂದು ನೋಟುಪುಸ್ತಕ ಇರಲಿ. ಏನು ಕೆಟ್ಟಿತ್ತು, ಹೇಗೆ ಕಾಣಿಸಿತು, ಯಾವ ಆದೇಶದಿಂದ ಗೊತ್ತಾಯಿತು, ಹೇಗೆ ಸರಿಹೋಯಿತು, ಹೀಗೆ ನಾಲ್ಕು ಕಲಂ. ಕೊನೆಯ ವಾರ ಓದಲು ಅದಕ್ಕಿಂತ ಒಳ್ಳೆಯ ಪುಸ್ತಕ ಬೇರಿಲ್ಲ. ನೀವೂ ‘ಎಷ್ಟು ಪಾಠ ಆಯ್ತು’ ಎನ್ನುವ ಬದಲು ‘ಇವತ್ತು ಏನು ಕೆಟ್ಟಿತ್ತು’ ಎಂದು ಕೇಳಿ ನೋಡಿ. ಬೇರೆಯವರಿಗೆ ಬಿಡಿಸಿ ಹೇಳುವಾಗಲೇ ತನಗೆಷ್ಟು ತಿಳಿದಿದೆ ಎಂಬುದು ತಿಳಿಯುವುದು.

ಒಂದು ಎಚ್ಚರಿಕೆ. ಪರೀಕ್ಷೆಯ ಪ್ರಶ್ನೆಗಳನ್ನೇ ಕೊಡುತ್ತೇವೆಂದು ಮಾರುವವರಿದ್ದಾರೆ. ಅದು ಪರೀಕ್ಷೆಯ ಕರಾರಿಗೆ ವಿರುದ್ಧ, ಸಿಕ್ಕಿಬಿದ್ದರೆ ಸರ್ಟಿಫಿಕೇಟು ರದ್ದಾಗುತ್ತದೆ. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ‘ಈ ದೋಷ ಹೇಗೆ ಹುಡುಕುತ್ತೀರಿ’ ಎಂದಾಗ ಬಾಯಿ ಕಟ್ಟುತ್ತದೆ.

ಭಾರ ಯಾರ ತಲೆಗೆ?

ಈಗ ನಿಮ್ಮ ಮಂಡಿಯ ಮಾತಿಗೆ ಬರೋಣ. ಸೊಸೆ ಓದಲಿ ಎಂದು ಹೇಳುವುದು ಸುಲಭ. ಅವಳು ಬಿಟ್ಟ ಕೆಲಸವೆಲ್ಲ ಸದ್ದಿಲ್ಲದೆ ಅತ್ತೆಯ ಕೈಗೆ ಬಂದರೆ ಅದು ನ್ಯಾಯವಲ್ಲ. ನಿಮ್ಮ ಪತ್ರದಲ್ಲಿ ಸೊಸೆ ಇದ್ದಾಳೆ, ಮೊಮ್ಮಗು ಇದೆ, ಪಕ್ಕದ ಮನೆಯವರೂ ಇದ್ದಾರೆ. ಮಗ ಎಲ್ಲಿ? ಅವರ ಹೆಸರೇ ಬಂದಿಲ್ಲ. ಅವಳು ಗಳಿಸಿದರೆ ಮನೆಗೇ ಬರುವುದಾದರೆ ಅದಕ್ಕೆ ಬೇಕಾದ ಹೊತ್ತನ್ನೂ ಮನೆಯವರೆಲ್ಲ ಸೇರಿ ಕೊಡಬೇಕು.

ಸಂಜೆ ಏಳರಿಂದ ಒಂಬತ್ತರವರೆಗೆ ಮಗು ಅಪ್ಪನ ಪಾಲು. ಊಟ ಮಾಡಿಸುವುದು, ಮಲಗಿಸುವುದು ಎರಡೂ. ಸಂಜೆಗೆ ಒಂದು ಸಾರು, ಅನ್ನ ಸಾಕು. ಭಾನುವಾರ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಮಾಡಿಟ್ಟರೆ ವಾರ ಕಳೆಯುತ್ತದೆ. ಪಾತ್ರೆ, ನೆಲದ ಕೆಲಸಕ್ಕೆ ಐದು ತಿಂಗಳ ಮಟ್ಟಿಗಾದರೂ ಒಬ್ಬರನ್ನು ಗೊತ್ತುಮಾಡಿ, ಆ ಸಂಬಳವನ್ನು ಪರೀಕ್ಷೆಯ ಖರ್ಚಿನಲ್ಲೇ ಸೇರಿಸಿ. ಎನಾರ್ಸಿ ಒಂದರ ಶುಲ್ಕವೇ 300 ಡಾಲರ್, ಎನ್‌ಕೋರ್‌ಗೆ 400; ಎರಡೂ ಸೇರಿದರೆ ತೆರಿಗೆ ಬಿಟ್ಟೇ 60 ಸಾವಿರ ರೂಪಾಯಿ ಮೀರುತ್ತದೆ. ಕಟ್ಟುವ ದಿನದ ದರ ನೋಡಿಕೊಳ್ಳಲಿ. ಅಷ್ಟು ಹಣ ಹಾಕುವ ಮನೆ ನಿಮ್ಮ ಮಂಡಿಯ ಸಲುವಾಗಿ ಇನ್ನಷ್ಟು ಹಾಕಲಾರದೇ?

‘ಪಾಸಾದ ಮೇಲೆ?’ ಎಂದು ಕೇಳಿದಿರಿ. ಅದನ್ನು ಈಗಲೇ ಕೇಳಿದ್ದು ಒಳ್ಳೆಯದಾಯಿತು. ಸರ್ಟಿಫಿಕೇಟು ಬಂದೊಡನೆ ಕೆಲಸ ಬಂದೇ ಬರುತ್ತದೆಂದು ಯಾರೂ ಹೇಳಲಾರರು. ನಾಲ್ಕು ವರ್ಷ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೆ ಅದು ಒಂದು ಗಟ್ಟಿ ಉತ್ತರ, ಅಷ್ಟು ನಿಜ. ಇನ್ನೊಂದನ್ನೂ ತಿಳಿದಿರಿ. ಜನ ಬಳಸುವ ಹೊತ್ತಿನಲ್ಲಿ ಜಾಲವನ್ನು ಮುಟ್ಟುವಂತಿಲ್ಲ. ಆದ್ದರಿಂದ ಬದಲಾವಣೆಯ ಕೆಲಸ ಬಹಳಷ್ಟು ರಾತ್ರಿ ಅಥವಾ ರಜೆಯ ದಿನ ನಡೆಯುತ್ತದೆ. ಪಾಳಿಯ ಕೆಲಸ ಸಾಮಾನ್ಯ. ಮನೆಯಿಂದಲೇ ಮಾಡುವ ಕೆಲಸವಾದರೂ ಅರ್ಧರಾತ್ರಿ ಫೋನು ಬಂದೀತು. ಮಗು, ಅಡಿಗೆ, ಊರು ಬಿಟ್ಟು ಬೆಂಗಳೂರಿಗೆ ಹೋಗುವುದೋ ಇಲ್ಲವೋ, ಇದನ್ನೆಲ್ಲ ಶುಲ್ಕ ಕಟ್ಟುವ ಮೊದಲೇ ಮೂವರೂ ಕೂತು ಮಾತಾಡಿ. ಮಾತಾಡಿದ್ದನ್ನು ಒಂದು ಹಾಳೆಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ. ಮಗನೂ ನೋಡುವ ಗೋಡೆಗೆ.

ಪರೀಕ್ಷೆಯ ದಿನಕ್ಕೆ ಕೆಲವು ಮಾತು

1. ನೋಂದಾಯಿಸಿದ ಹೆಸರು ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಹೊಂದಬೇಕು. ಮದುವೆಯ ನಂತರ ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು, ಮತ್ತೊಂದರಲ್ಲಿ ಬರೀ ಇನಿಷಿಯಲ್ ಇರುವುದು ನಮ್ಮಲ್ಲಿ ಸಾಮಾನ್ಯ. ಒಂದು ತಿಂಗಳು ಮೊದಲೇ ಸರಿಮಾಡಿಕೊಳ್ಳಲಿ.

2. ಮನೆಯಲ್ಲೇ ಕೂತು ಬರೆಯುವ ಅನುಕೂಲವೂ ಇದೆ. ಆದರೆ ಕೋಣೆಯೊಳಗೆ ಯಾರೂ ಬರುವಂತಿಲ್ಲ, ಮೇಜಿನ ಮೇಲೆ ಏನೂ ಇರುವಂತಿಲ್ಲ. ಮಗು ಬಾಗಿಲು ತಳ್ಳಿ ‘ಅಮ್ಮಾ’ ಎಂದು ಒಳಬಂದರೆ ಪರೀಕ್ಷೆಯೇ ನಿಂತುಹೋಗಬಹುದು. ಕರೆಂಟು, ಇಂಟರ್‌ನೆಟ್ ನೆಚ್ಚಿಕೊಳ್ಳಲಾಗದ ಊರಾದರೆ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವುದೇ ಲೇಸು. ಹಿಂದಿನ ದಿನವೇ ಹೋಗಿ ಉಳಿಯಲಿ, ಬಸ್ಸಿನ ಆಯಾಸ ಬೇಡ.

3. ಒಂದು ಪ್ರಶ್ನೆ ಮುಗಿಸಿ ಮುಂದೆ ಹೋದರೆ ಹಿಂದಕ್ಕೆ ಬರುವಂತಿಲ್ಲ. ಒಂದಕ್ಕೇ ಅಂಟಿಕೊಂಡು ಕೂರದ ಅಭ್ಯಾಸವನ್ನು ಮನೆಯಲ್ಲೇ ಮಾಡಿಕೊಳ್ಳಲಿ.

4. ಪಾಸಾಗದಿದ್ದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು. ಶುಲ್ಕ ಮಾತ್ರ ಮತ್ತೆ ಕಟ್ಟಬೇಕು. ಆದ್ದರಿಂದ ಅವಸರ ಬೇಡ. ಯಾವ ವಿಭಾಗದಲ್ಲಿ ಎಷ್ಟು ಬಂತೆಂದು ಫಲಿತಾಂಶದ ಹಾಳೆಯಲ್ಲಿರುತ್ತದೆ. ಅದನ್ನು ನೋಡಿ ಒಂದು ತಿಂಗಳು ಅಲ್ಲಿಗೇ ಗಮನ ಕೊಡಲಿ. ಆ ದಿನ ಮನೆಯವರು ಲೆಕ್ಕ ಕೇಳಬಾರದು. ಬಿಸಿ ಊಟ ಬಡಿಸಿ, ಸಾಕು.

ಮನೆ, ಮಕ್ಕಳ ನಡುವೆ ಇಂಥ ಪರೀಕ್ಷೆಗಳಿಗೆ ಓದಿದ ಸೋದರಿಯರು ತಮ್ಮ ದಿನದ ವೇಳಾಪಟ್ಟಿಯನ್ನು ನಮಗೆ ಬರೆದು ಕಳಿಸಿ. ಯಾವ ಕೆಲಸವನ್ನು ಯಾರು ವಹಿಸಿಕೊಂಡರು ಎಂಬುದನ್ನೂ ಬರೆಯಿರಿ. ಚೆನ್ನಾಗಿರುವುದನ್ನು ಮುಂದಿನ ಸಂಚಿಕೆಗಳಲ್ಲಿ ಕೊಡೋಣ.